ಮೂರನೇ ವಾರದ ಪುಟ: ಟೆಸ್ಟೊಸ್ಟೆರಾನ್ ಚಿಕಿತ್ಸೆಯ ಒಂದು ಪ್ರಕರಣ

ಮೊದಲ ಸಲ ಬಂದಾಗ ಅವರ ಜೇಬಿನಲ್ಲಿ ಸೂಜಿಮದ್ದಿನ ಒಂದು ಖಾಲಿ ಆಂಪೂಲ್ ಇತ್ತು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಅದನ್ನು ನನ್ನ ಮೇಜಿನ ಮೇಲಿಟ್ಟು, "ಸರ್, ಇದೊಂದು ಬರ್ಕೊಡ್ರಿ, ಸಾಕು. ಇದನ್ನ ಮಾಡಿಸ್ಕೊಂಡಾಗ ಹತ್ತು ದಿನ ನಾ ಮನುಷ್ಯಾ ಆಗಿದ್ದೆ" ಅಂದರು.

ಸೇಡಂ ಕಡೆಯ ಹಳ್ಳಿಯವರು. ವಯಸ್ಸು 34. ಫರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ. ಇಲ್ಲಿ ಅವರನ್ನು ಲೆಕ್ಕದವರು ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಗಂಡ ಹೆಂಡತಿ ಇಬ್ಬರಿಗೂ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಹೊರಗೆ ಬಿಡುತ್ತಿದ್ದೇನೆ. ನಾನು ಕಲಬುರಗಿಯಲ್ಲಿ ಜನರಲ್ ಫಿಸಿಷಿಯನ್. ಹಾರ್ಮೋನಿನ ತಜ್ಞ ಅಲ್ಲ. ಈ ಪ್ರಕರಣದಲ್ಲಿ ತಜ್ಞರೊಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಾ ನಡೆದೆ. ತಪ್ಪುಗಳು ಮಾತ್ರ ನನ್ನವೇ.

ದೂರುಗಳು ಹೀಗಿದ್ದವು. ಮಧ್ಯಾಹ್ನ ಊಟ ಆದ ಮೇಲೆ ಲೆಕ್ಕದ ಪುಸ್ತಕದ ಮೇಲೇ ತಲೆಯಿಟ್ಟು ಮಲಗಿಬಿಡುವುದು. ಎರಡು ಮೆಟ್ಟಿಲು ಹತ್ತಿದರೆ ಕಾಲು ಸೋಲುವುದು. ಗಡ್ಡ ಹದಿನೈದು ದಿನಕ್ಕೊಮ್ಮೆ ಬೋಳಿಸಿದರೂ ನಡೆಯುತ್ತಿತ್ತು. ಹೆಂಡತಿಯ ಹತ್ತಿರ ಹೋಗುವ ಮನಸ್ಸೇ ಬರುತ್ತಿರಲಿಲ್ಲ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಈ ಕೊನೆಯದನ್ನು ಅವರು ಹೇಳಲಿಲ್ಲ, ಜೊತೆಗೆ ಬಂದಿದ್ದ ಕಾಕಾ ಹೇಳಿದರು.

ಆಂಪೂಲ್ ಬಂದದ್ದು ಜಿಮ್ಮಿಗೆ ಹೋಗುವ ಗೆಳೆಯನಿಂದ. ಸಸ್ಟಾನಾನ್ 250, ಗಂಡಸರ ಹಾರ್ಮೋನಾದ ಟೆಸ್ಟೊಸ್ಟೆರಾನಿನ ಸೂಜಿ. ಚೀಟಿ ಇಲ್ಲದೆ ಕೊಡಬಾರದ ಔಷಧ, ಆದರೂ ಸಿಕ್ಕಿತ್ತು. ಊರಲ್ಲಿ ಸೂಜಿ ಮಾಡುವವರೊಬ್ಬರು ಎರಡು ಸಲ ಹಾಕಿದ್ದರು. ಆಗಲೇ ನಾಲ್ಕು ತಿಂಗಳು ಕಳೆದಿತ್ತು.

ಅವರ ಕೈಯಲ್ಲಿ ಒಂದು ರಿಪೋರ್ಟೂ ಇತ್ತು. ಒಟ್ಟು ಟೆಸ್ಟೊಸ್ಟೆರಾನ್ ಡೆಸಿಲೀಟರ್‌ಗೆ 212 ನ್ಯಾನೋಗ್ರಾಂ. ಸಾಮಾನ್ಯವಾಗಿ 300ಕ್ಕಿಂತ ಕಡಿಮೆ ಇದ್ದರೆ ಯೋಚಿಸಬೇಕು ಅನ್ನುತ್ತಾರೆ ಅಮೆರಿಕದ ಮೂತ್ರರೋಗ ತಜ್ಞರ ಸಂಘದವರು. ಅಲ್ಲಿಯದೇ ಹಾರ್ಮೋನು ತಜ್ಞರ ಸಂಘ, ಎಂಡೋಕ್ರೈನ್ ಸೊಸೈಟಿ, 264 ಅನ್ನುತ್ತದೆ. ಎರಡಕ್ಕೂ ಕೆಳಗೇ ಇದೆ. ಲಕ್ಷಣ ಇವೆ, ಅಂಕಿ ಇದೆ, ರೋಗಿಯೇ ಔಷಧ ಕೇಳುತ್ತಿದ್ದಾರೆ. ಹೊರಗೆ ಇನ್ನೂ 30 ಜನ ಕೂತಿದ್ದಾರೆ. ನಿಜ ಹೇಳಬೇಕೆಂದರೆ ಪೆನ್ನು ಕೈಗೆ ತೆಗೆದುಕೊಂಡಿದ್ದೆ.

ಆಮೇಲೆ ರಿಪೋರ್ಟಿನ ಮೂಲೆಯಲ್ಲಿದ್ದ ಹೊತ್ತು ಕಣ್ಣಿಗೆ ಬಿತ್ತು. ಸಂಜೆ 4 ಗಂಟೆ 30 ನಿಮಿಷ.

"ಊಟ ಮಾಡಿದ್ರೇನು ಅವತ್ತು?"

"ಹೌದ್ರಿ. ಲಗ್ನದ ಮನಿಯಿಂದ ಹಂಗೇ ಹೋಗಿದ್ದೆ."

ಟೆಸ್ಟೊಸ್ಟೆರಾನ್ ಇಡೀ ದಿನ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಗಿನ ಜಾವ ಏರಿರುತ್ತದೆ, ಸಂಜೆಗೆ ಇಳಿಯುತ್ತದೆ. ಹೊಟ್ಟೆ ತುಂಬ ಉಂಡರೆ ಇನ್ನೂ ಇಳಿಯುತ್ತದೆ. ಜ್ವರ ಬಂದಿದ್ದರೆ, ಎರಡು ರಾತ್ರಿ ನಿದ್ದೆಗೆಟ್ಟಿದ್ದರೆ ಕೂಡ ಹಾಗೆಯೇ. ಲಗ್ನದ ಹೋಳಿಗೆ ಊಟ ಮಾಡಿ ಸಂಜೆ ರಕ್ತ ಕೊಟ್ಟರೆ ಚೆನ್ನಾಗಿರುವ ಗಂಡಸಿನ ಅಂಕಿಯೂ ಕೆಳಗೆ ಕಾಣಬಹುದು. ಅದಕ್ಕೇ ಬೆಳಿಗ್ಗೆ 7ರಿಂದ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ನೋಡಬೇಕು ಅಂತ ನಿಯಮ.

ನಿಯಮ ಬರೆಯುವವರಿಗೆ ನಮ್ಮ ಕಡೆಯ ಬಸ್ಸಿನ ಹೊತ್ತು ಗೊತ್ತಿರುವುದಿಲ್ಲ. ಹಳ್ಳಿಯಿಂದ ಸೇಡಂ, ಸೇಡಂನಿಂದ ಕಲಬುರಗಿ. ಲ್ಯಾಬಿನ ಬಾಗಿಲು ಮುಟ್ಟುವಷ್ಟರಲ್ಲಿ ಹನ್ನೊಂದು. ದಾರಿಯಲ್ಲಿ ಸುಸ್ಲಾ ಮಿರ್ಚಿ ತಿಂದಿರುತ್ತಾರೆ. ಕೊನೆಗೆ ಶಹಾಬಜಾರಿನಲ್ಲಿರುವ ಸೋದರಮಾವನ ಮನೆಯಲ್ಲಿ ಎರಡು ಸಲ ರಾತ್ರಿ ಉಳಿದು ರಕ್ತ ಕೊಟ್ಟರು. ಒಂದು ಸಲ 168, ಇನ್ನೊಂದು ಸಲ 181.

ಕಡಿಮೆ ಇರುವುದು ಖಾತ್ರಿ ಆಯಿತು. ಯಾಕೆ ಕಡಿಮೆ ಅನ್ನುವ ಪ್ರಶ್ನೆ ಉಳಿಯಿತು.

ಅದಕ್ಕೆ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಎರಡು ಹಾರ್ಮೋನು ನೋಡಬೇಕು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಇವನ್ನು ಕಳಿಸುತ್ತದೆ. ಎಲ್‌ಎಚ್ ಬಂದರೆ ವೃಷಣ ಟೆಸ್ಟೊಸ್ಟೆರಾನ್ ಮಾಡುತ್ತದೆ. ಲೆಕ್ಕದವರಿಗೆ ನಾನು ಹೊಲದ ಬಾವಿಯ ಲೆಕ್ಕದಲ್ಲಿ ಹೇಳಿದೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲ. ಕರೆಂಟು ಇಲ್ಲದೆ ಮೋಟಾರು ನಿಂತಿದೆಯೋ, ಮೋಟಾರು ಓಡುತ್ತಲೇ ಇದ್ದು ಬಾವಿಯೇ ಬತ್ತಿದೆಯೋ? ಮೋಟಾರು ನಿಂತಿದ್ದರೆ, ಅಂದರೆ ಎಲ್‌ಎಚ್ ಕಡಿಮೆ ಇದ್ದರೆ, ಪಿಟ್ಯುಟರಿಯಲ್ಲಿ ಗಡ್ಡೆ ಇದೆಯೇ, ಪ್ರೊಲ್ಯಾಕ್ಟಿನ್ ಅನ್ನುವ ಇನ್ನೊಂದು ಹಾರ್ಮೋನು ಏರಿದೆಯೇ ಅಂತ ಹುಡುಕಬೇಕು. ಬೊಜ್ಜು, ಸಕ್ಕರೆ ಕಾಯಿಲೆ, ನೋವಿಗೆ ತಿನ್ನುವ ಅಫೀಮು ಜಾತಿಯ ಗುಳಿಗೆಗಳೂ ಮೋಟಾರನ್ನು ನಿಧಾನ ಮಾಡುತ್ತವೆ. ಬೊಜ್ಜಿನಿಂದ ಇಳಿದಿದ್ದರೆ ಎಷ್ಟೋ ಜನರಿಗೆ ತೂಕ ಇಳಿಸಿದಾಗ ಅಂಕಿ ತಾನೇ ಏರುತ್ತದೆ, ಸೂಜಿ ಬೇಕಾಗುವುದಿಲ್ಲ.

ಇವರ ಎಲ್‌ಎಚ್ 24. ಲ್ಯಾಬಿನ ಮೇಲಿನ ಗೆರೆ 8.6. ಎಫ್‌ಎಸ್‌ಎಚ್ 38, ಅದರ ಗೆರೆ 12.4. ಮೋಟಾರು ಪೂರ್ತಿ ಜೋರಿನಲ್ಲಿ ಓಡುತ್ತಿದೆ, ಬಾವಿಯಲ್ಲಿ ನೀರಿಲ್ಲ.

ಈಗ ನನ್ನ ಮೊದಲ ತಪ್ಪಿನ ಮಾತು. ಮೊದಲ ಭೇಟಿಯಲ್ಲಿ ನಾನು ಅವರ ವೃಷಣ ಪರೀಕ್ಷೆ ಮಾಡಿರಲಿಲ್ಲ. ಕೋಣೆಯಲ್ಲಿ ಕಾಕಾ ಕೂತಿದ್ದರು. 'ಸ್ವಲ್ಪ ಹೊರಗೆ ಕೂಡ್ರಿ ಕಾಕಾ' ಅನ್ನಲು ನನಗೆ ಸಂಕೋಚ ಆಯಿತು. ಹೊಟ್ಟೆ ಮುಟ್ಟಿದೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ಬಿ.ಪಿ. ನೋಡಿದೆ. ನೋಡಬೇಕಾದ ಜಾಗ ಬಿಟ್ಟು ಉಳಿದದ್ದೆಲ್ಲ ನೋಡಿದೆ. ಈ ಸಂಕೋಚ ನನ್ನೊಬ್ಬನದಲ್ಲ ಅನ್ನುವುದು ಸಮಾಧಾನದ ವಿಷಯವೂ ಅಲ್ಲ. ಅವರು ಅದಕ್ಕೂ ಮುಂಚೆ ಸುಸ್ತು ಅಂತ ನಾಲ್ಕು ಜನ ಡಾಕ್ಟರರ ಹತ್ತಿರ ಹೋಗಿದ್ದರು. ಒಬ್ಬರೂ ನೋಡಿರಲಿಲ್ಲ.

ಎಲ್‌ಎಚ್ ರಿಪೋರ್ಟು ಬಂದ ದಿನ ಅವರೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿದೆ. ಆರ್ಕಿಡೊಮೀಟರ್ ಅಂತ ಒಂದು ಸಾಧನ ಇದೆ. ಸ್ವಿಟ್ಜರ್‌ಲೆಂಡಿನ ಪ್ರಾಡರ್ ಅನ್ನುವ ಮಕ್ಕಳ ಡಾಕ್ಟರು ಬಳಕೆಗೆ ತಂದದ್ದು. 1ರಿಂದ 25 ಮಿಲಿಲೀಟರ್‌ವರೆಗಿನ ಗುಂಡುಗಳನ್ನು ದಾರದಲ್ಲಿ ಪೋಣಿಸಿದ ಸರ, ಅಷ್ಟೇ. ಒಂದು ಕೈಯಲ್ಲಿ ಸರ ಹಿಡಿದು ಯಾವ ಗುಂಡಿಗೆ ಸಮ ಅಂತ ನೋಡುವುದು. ವಯಸ್ಕ ಗಂಡಸಿಗೆ 15ರ ಗುಂಡಿನ ಮೇಲೆ ಇರಬೇಕು. ಇವರದು ಎರಡೂ ಕಡೆ 3. ಬಾರಿಹಣ್ಣಿನಷ್ಟು, ಗಟ್ಟಿ. ಎದ್ದು ನಿಂತಾಗ ಇನ್ನೂ ಕೆಲವು ಕಂಡವು. ಎತ್ತರ 182 ಸೆಂಟಿಮೀಟರ್, ಅದರಲ್ಲಿ ಕಾಲಿನ ಪಾಲೇ ಜಾಸ್ತಿ. ಎದೆ ಸ್ವಲ್ಪ ಉಬ್ಬಿದೆ. ಅದಕ್ಕೇ ಇರಬೇಕು, ಮೇ ತಿಂಗಳಲ್ಲೂ ಅಂಗಿಯೊಳಗೆ ದಪ್ಪ ಬನಿಯನ್ ಹಾಕುತ್ತಿದ್ದರು.

ಕ್ರೋಮೋಸೋಮ್ ಪರೀಕ್ಷೆಗೆ ರಕ್ತ ಹೈದರಾಬಾದಿಗೆ ಹೋಯಿತು. ಕಣಗಳನ್ನು ಬೆಳೆಸಿ ನೋಡಬೇಕಾದ್ದರಿಂದ ಬೇಗ ಬರುವುದಿಲ್ಲ. ಮೂರು ವಾರದ ಮೇಲೆ ಉತ್ತರ ಬಂತು: 47,ಎಕ್ಸ್‌ಎಕ್ಸ್‌ವೈ. ಅಂದರೆ 46ರ ಬದಲು 47 ಕ್ರೋಮೋಸೋಮ್, ಒಂದು ಎಕ್ಸ್ ಹೆಚ್ಚು. ಕ್ಲೈನ್‌ಫೆಲ್ಟರ್ ಸಿಂಡ್ರೋಮ್.

1942ರಲ್ಲಿ ಬಾಸ್ಟನ್ನಿನ ಹ್ಯಾರಿ ಕ್ಲೈನ್‌ಫೆಲ್ಟರ್ ಮತ್ತು ಜೊತೆಗಾರರು ಇಂಥ ಒಂಬತ್ತು ಗಂಡಸರ ಬಗ್ಗೆ ಮೊದಲು ಬರೆದರು. ಒಂದು ಎಕ್ಸ್ ಹೆಚ್ಚಿಗೆ ಇರುವುದೇ ಕಾರಣ ಅಂತ 1959ರಲ್ಲಿ ಎಡಿನ್‌ಬರೋದಲ್ಲಿ ಪೆಟ್ರೀಷಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ತೋರಿಸಿದರು. ಇದು ಅಪರೂಪ ಏನಲ್ಲ. ಹುಟ್ಟುವ 500ರಿಂದ 1,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಡೆನ್ಮಾರ್ಕಿನಂಥ ದೇಶದಲ್ಲೇ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಗೊತ್ತಾಗುತ್ತದೆ, ಉಳಿದವರು ಗೊತ್ತಿಲ್ಲದೆಯೇ ಬದುಕಿ ಮುಗಿಸುತ್ತಾರೆ.

ಇದನ್ನು ಅವರಿಗೆ ಹೇಳುವುದು ಕಷ್ಟ ಆಯಿತು. ಎಕ್ಸ್, ವೈ ಎಲ್ಲ ಚಿತ್ರ ಬರೆದು ತೋರಿಸಿದೆ. ಪೂರ್ತಿ ಕೇಳಿ ಒಂದೇ ಮಾತು ಕೇಳಿದರು. "ಅಂದ್ರ ನಾ ಗಂಡಸಲ್ಲೇನ್ರಿ?"

"ನೀವು ಗಂಡಸರೇ. ಗಂಡಸಾಗಿ ಬೆಳೆಯಾಕ ವೈ ಬೇಕು. ನಿಮಗದು ಅದ. ಒಂದು ಎಕ್ಸ್ ಜಾಸ್ತಿ ಬಂದದ, ಅದು ವೃಷಣದ ಕೆಲಸ ಕೆಡಿಸ್ಯದ. ನೀವು ಮಾಡಿದ ತಪ್ಪಲ್ಲ, ನಿಮ್ಮ ಅಪ್ಪ ಅವ್ವ ಮಾಡಿದ್ದೂ ಅಲ್ಲ."

"ನಮ್ಮಣ್ಣನ ಹುಡುಗರಿಗೆ ಬರ್ತದೇನ್ರಿ?"

ಬರುವುದಿಲ್ಲ. ಇದು ವಂಶದಲ್ಲಿ ಹರಿದು ಬರುವ ಕಾಯಿಲೆ ಅಲ್ಲ. ಅಂಡ ಇಲ್ಲವೇ ವೀರ್ಯಾಣು ತಯಾರಾಗುವಾಗ ಕ್ರೋಮೋಸೋಮ್ ಹಂಚಿಕೆಯಲ್ಲಿ ಆಗುವ ಯಡವಟ್ಟು. ಅದನ್ನು ಕೇಳಿ ಅವರ ಹೆಗಲು ಸ್ವಲ್ಪ ಇಳಿಯಿತು.

ಆಂಪೂಲ್ ಇನ್ನೂ ನನ್ನ ಡ್ರಾಯರಿನಲ್ಲೇ ಇತ್ತು. ಈಗಂತೂ ಔಷಧ ಬೇಕು ಅನ್ನುವುದರಲ್ಲಿ ಅನುಮಾನವೇ ಇಲ್ಲ. ಆದರೂ ಬರೆದುಕೊಡಲಿಲ್ಲ. ಮುಂದಿನ ಸಲ ಹೆಂಡತಿಯನ್ನು ಕರೆದುಕೊಂಡು ಬನ್ನಿ ಅಂದೆ.

ಆಕೆ ಬಂದದ್ದು ಒಂದು ದಪ್ಪ ಫೈಲಿನ ಜೊತೆ. ಆರು ವರ್ಷದ ಫೈಲು. ಗರ್ಭಚೀಲದ ಸ್ಕ್ಯಾನಿಂಗ್ ಹದಿನಾಲ್ಕು. ನಳಿಕೆಗೆ ಬಣ್ಣ ಬಿಟ್ಟು ತೆಗೆದ ಎಕ್ಸ್‌ರೇ. ಹೊಟ್ಟೆಗೆ ತೂತು ಮಾಡಿ ದುರ್ಬೀನು ಹಾಕಿದ ರಿಪೋರ್ಟು. ತಿಂಗಳು ತಿಂಗಳು ಗುಳಿಗೆ. ಎಲ್ಲದರಲ್ಲೂ ಬರೆದದ್ದು ಒಂದೇ, ಎಲ್ಲ ಸರಿ ಇದೆ. ಇಷ್ಟೆಲ್ಲ ಹಾಳೆಯಲ್ಲಿ ಗಂಡನ ಹೆಸರಿನ ಒಂದೇ ಒಂದು ವೀರ್ಯ ಪರೀಕ್ಷೆ ಇರಲಿಲ್ಲ. ಬರೆದುಕೊಟ್ಟವರು ಇದ್ದರಂತೆ. ಅತ್ತೆ, "ನಮ್ಮ ಹುಡುಗನಿಗೆ ಏನಾಗ್ಯದ?" ಅಂದಿದ್ದರಂತೆ. ಅಲ್ಲಿಗೆ ಮುಗೀತು. ಆ ಫೈಲು ತಿರುವುವಾಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ.

ಮಾಡಿಸಿದೆವು. ಎರಡು ಸಲವೂ ವೀರ್ಯಾಣು ಸೊನ್ನೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹೊರಗಿನಿಂದ ಟೆಸ್ಟೊಸ್ಟೆರಾನ್ ಕೊಟ್ಟರೆ ಮಕ್ಕಳಾಗುತ್ತವೆ ಅಂತ ಎಷ್ಟೋ ಜನ ನಂಬಿದ್ದಾರೆ, ಔಷಧ ಅಂಗಡಿಯವರು ಕೂಡ. ಆಗುವುದು ಉಲ್ಟಾ. ರಕ್ತದಲ್ಲಿ ಹಾರ್ಮೋನು ತುಂಬಿದ್ದು ನೋಡಿ ಪಿಟ್ಯುಟರಿ ಮೋಟಾರನ್ನೇ ಬಂದ್ ಮಾಡುತ್ತದೆ, ವೀರ್ಯಾಣು ತಯಾರಾಗುವುದು ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದೇ ಟೆಸ್ಟೊಸ್ಟೆರಾನನ್ನು ವಾರಕ್ಕೆ 200 ಮಿಲಿಗ್ರಾಂ ಕೊಟ್ಟು, ಗಂಡಸರ ಗರ್ಭನಿರೋಧಕ ಆಗಬಹುದೇ ಅಂತ ಪರೀಕ್ಷಿಸಿತ್ತು. 1990ರಲ್ಲಿ ಫಲಿತಾಂಶ ಬಂತು. ಗರ್ಭನಿರೋಧಕವಾಗಿ ಅದು ಚೆನ್ನಾಗಿಯೇ ಕೆಲಸ ಮಾಡಿತ್ತು. ಜಿಮ್ಮಿನಲ್ಲಿ ಮೈ ಕಟ್ಟಲು ಚುಚ್ಚಿಸಿಕೊಂಡು, ಮದುವೆಯಾಗಿ ಎರಡು ವರ್ಷಕ್ಕೆ 'ಮಕ್ಕಳಾಗಿಲ್ಲ ಸರ್' ಅಂತ ಬರುವ ಹುಡುಗರನ್ನು ಈಗೀಗ ನಾನು ಜಾಸ್ತಿ ನೋಡುತ್ತಿದ್ದೇನೆ. ನಿಲ್ಲಿಸಿದರೆ ಹೆಚ್ಚಿನವರಿಗೆ ವಾಪಸ್ ಬರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು.

ಕ್ಲೈನ್‌ಫೆಲ್ಟರ್ ಇರುವವರಲ್ಲಿ ವೀರ್ಯದಲ್ಲಿ ಸೊನ್ನೆ ಇದ್ದರೂ ವೃಷಣದ ಒಳಗೆ ಅಲ್ಲಲ್ಲಿ ವೀರ್ಯಾಣು ಉಳಿದಿರಬಹುದು. ಮೈಕ್ರೋಸ್ಕೋಪಿನಡಿ ಹುಡುಕಿ ತೆಗೆಯುವ ಆಪರೇಷನ್ ಇದೆ. ನುರಿತ ಕೈಯಲ್ಲಿ 40ರಿಂದ 50 ಪರ್ಸೆಂಟ್ ಜನರಲ್ಲಿ ಸಿಗುತ್ತದೆ. ಸಿಕ್ಕರೆ ಲ್ಯಾಬಿನಲ್ಲಿ ಅಂಡಕ್ಕೆ ಸೇರಿಸಬೇಕು. ಲಕ್ಷಗಳ ಮಾತು. ಅದನ್ನು ಮಾಡಿಸುವುದಿದ್ದರೆ ಟೆಸ್ಟೊಸ್ಟೆರಾನ್ ಶುರು ಮಾಡುವ ಮುಂಚೆಯೇ ಮಾಡಿಸಬೇಕು. ನಾನು ಪೆನ್ನು ಕೆಳಗಿಟ್ಟದ್ದು ಇದಕ್ಕೆ.

ಇಬ್ಬರೂ ಒಂದೂವರೆ ತಿಂಗಳು ಯೋಚಿಸಿದರು. ಸೊಲ್ಲಾಪುರದಲ್ಲಿ ಒಬ್ಬರ ಅಭಿಪ್ರಾಯ ಕೇಳಿ, ದೀಪಾವಳಿ ಆದ ಮೇಲೆ ಹೈದರಾಬಾದಿಗೆ ಹೋದರು. ಆಪರೇಷನ್ ಆಯಿತು. ಏನೂ ಸಿಗಲಿಲ್ಲ.

ಶುರು ಮಾಡಿದ್ದು

ಎಳ್ಳಮಾವಾಸ್ಯೆ ಕಳೆದು ಒಂದು ವಾರಕ್ಕೆ ಚಿಕಿತ್ಸೆ ಶುರು ಆಯಿತು. ಮೊದಲ ಭೇಟಿಯಿಂದ ಏಳು ತಿಂಗಳು. ತಡ ಆಯಿತು ಅಂತ ನನಗೆ ಈಗಲೂ ಅನಿಸುವುದಿಲ್ಲ.

ಶುರು ಮಾಡುವ ಮುಂಚಿನ ಅಂಕಿಗಳು: ಹಿಮೊಗ್ಲೋಬಿನ್ 12.4, ಹಿಮಟೊಕ್ರಿಟ್ 38. ಹಿಮಟೊಕ್ರಿಟ್ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಅಂತ. ಟೆಸ್ಟೊಸ್ಟೆರಾನ್ ಕಡಿಮೆ ಇದ್ದರೆ ರಕ್ತವೂ ಸ್ವಲ್ಪ ಕಡಿಮೆ ಆಗುತ್ತದೆ. ಸಕ್ಕರೆಯ ಮೂರು ತಿಂಗಳ ಸರಾಸರಿ 6.3, ಇನ್ನೂ ಕಾಯಿಲೆ ಅಲ್ಲ, ಹೊಸ್ತಿಲು. ಬೆನ್ನುಮೂಳೆಯ ಗಟ್ಟಿತನ ವಯಸ್ಸಿಗೆ ಇರಬೇಕಾದ್ದಕ್ಕಿಂತ ಕಡಿಮೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್‌ಎ ರಕ್ತಪರೀಕ್ಷೆ 34ರ ವಯಸ್ಸಿಗೆ ಬೇಡ, ಮಾಡಿಸಲಿಲ್ಲ. ವಯಸ್ಸಾದವರಿಗೆ ಅದನ್ನು ನೋಡದೆ ಶುರು ಮಾಡಬಾರದು. ಪ್ರಾಸ್ಟೇಟ್ ಇಲ್ಲವೇ ಸ್ತನದ ಕ್ಯಾನ್ಸರ್ ಇದ್ದವರಿಗೆ, ಆರು ತಿಂಗಳೊಳಗೆ ಹಾರ್ಟ್ ಅಟ್ಯಾಕ್ ಅಥವಾ ಲಕ್ವಾ ಆದವರಿಗೆ, ರಕ್ತ ಮೊದಲೇ ಗಟ್ಟಿ ಇರುವವರಿಗೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಚಿಕಿತ್ಸೆ ಪಡೆಯದವರಿಗೆ ಕೊಡುವುದಿಲ್ಲ. ಲೆಕ್ಕದವರು ಗೊರಕೆ ಹೊಡೆಯುತ್ತಾರಾ ಅಂತ ಹೆಂಡತಿಯನ್ನೇ ಕೇಳಿದೆ. "ಹೊಡೀತಾರ್ರಿ, ಆದ್ರ ಉಸಿರು ನಿಲ್ಲಂಗಿಲ್ಲ" ಅಂದರು.

ಕಾಕಾ ಒಂದು ಒಳ್ಳೆ ಪ್ರಶ್ನೆ ಕೇಳಿದರು. ಇದರಿಂದ ಹಾರ್ಟ್ ಅಟ್ಯಾಕ್ ಆಗ್ತದಂತಲ್ಲ? ಈ ಭಯ ಡಾಕ್ಟರರಿಗೂ ಬಹಳ ವರ್ಷ ಇತ್ತು. 2023ರಲ್ಲಿ ಟ್ರಾವರ್ಸ್ ಅನ್ನುವ ದೊಡ್ಡ ಅಧ್ಯಯನ ಬಂತು. 45ರಿಂದ 80 ವಯಸ್ಸಿನ, ಹೃದಯದ ತೊಂದರೆ ಇರುವ ಅಥವಾ ಬರುವ ಸಾಧ್ಯತೆ ಜಾಸ್ತಿ ಇರುವ 5,200ಕ್ಕೂ ಹೆಚ್ಚು ಗಂಡಸರು. ಹಾರ್ಟ್ ಅಟ್ಯಾಕ್, ಲಕ್ವಾ, ಹೃದಯದ ಸಾವು ಸೇರಿ ಔಷಧ ತೆಗೆದುಕೊಂಡವರಲ್ಲಿ 7.0 ಪರ್ಸೆಂಟ್, ಸುಮ್ನೆ ಖಾಲಿ ಜೆಲ್ ಹಚ್ಚಿಕೊಂಡವರಲ್ಲಿ 7.3. ಅಂದರೆ ಹೆಚ್ಚಾಗಲಿಲ್ಲ. ಆದರೆ ಎದೆಬಡಿತದ ತಾಳ ತಪ್ಪುವುದು, ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗುವುದು ಸ್ವಲ್ಪ ಜಾಸ್ತಿ ಕಂಡಿತು. ಕ್ಲೈನ್‌ಫೆಲ್ಟರ್ ಇರುವವರಿಗೆ ಗಡ್ಡೆ ಕಟ್ಟುವ ಗುಣ ಮೊದಲೇ ಜಾಸ್ತಿ. ಕಾಲು ಒಂದೇ ಕಡೆ ಬಾತರೆ ಅವತ್ತೇ ಬರಬೇಕು ಅಂತ ಕಾಕಾನಿಗೇ ಹೇಳಿದೆ.

ಯಾವ ರೂಪದ ಔಷಧ? ದಿನಾ ಹಚ್ಚುವ ಜೆಲ್ ಇದೆ, ಅಂಕಿ ಸಮವಾಗಿ ನಿಲ್ಲುತ್ತದೆ. ಆದರೆ ಹಚ್ಚಿದ ಮೈ ಮಕ್ಕಳಿಗೆ ತಾಗಿದರೆ ಅವರಿಗೂ ಹಾರ್ಮೋನು ಹತ್ತುತ್ತದೆ. ಇವರ ಮನೆಯಲ್ಲಿ ಅಣ್ಣನ ಎರಡು ವರ್ಷದ ಮಗಳು ಇಡೀ ದಿನ ಇವರ ಹೆಗಲ ಮೇಲೇ ಇರುತ್ತಾಳೆ. ಬೇಸಿಗೆಯಲ್ಲಿ ಅಂಗಿ ತೆಗೆದು ಅಂಗಳದಲ್ಲಿ ಮಲಗುವ ಮನೆ. ಜೆಲ್ ಬೇಡ ಅಂದೆವು. ಗುಳಿಗೆಯನ್ನು ಎಣ್ಣೆ ಬೆಣ್ಣೆ ಇರುವ ಊಟದ ಜೊತೆ ದಿನಕ್ಕೆರಡು ಸಲ ನುಂಗಬೇಕು, ಇಲ್ಲದಿದ್ದರೆ ಮೈಗೆ ಹತ್ತುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ, ಅಂಡೆಕನೊಯೇಟ್ ಅನ್ನುವ ಟೆಸ್ಟೊಸ್ಟೆರಾನ್ ಸೂಜಿಗೆ ದುಡ್ಡು ಜಾಸ್ತಿ. ಕೊನೆಗೆ ಅದೇ ಸಸ್ಟಾನಾನ್, ಮೂರು ವಾರಕ್ಕೊಂದು.

ಅದು ಶೇಂಗಾ ಎಣ್ಣೆಯಲ್ಲಿ ಕರಗಿಸಿದ ಔಷಧ. ಶೇಂಗಾ ಆಗದವರಿಗೆ ಕೊಡಬಾರದು. ನಿಯಮದ ಪ್ರಕಾರ ಕೇಳಲೇಬೇಕು, ಕೇಳಿದೆ. "ದಿನಾ ಶೇಂಗಾ ಹಿಂಡಿ ಇಲ್ಲದ ರೊಟ್ಟಿ ಇಳಿಯಂಗಿಲ್ರಿ ಸರ್" ಅಂತ ಆ ಏಳು ತಿಂಗಳಲ್ಲಿ ಮೊದಲ ಸಲ ನಕ್ಕರು.

ಒಂದು ನೋಟ್‌ಬುಕ್ ಇಡಿ ಅಂದೆ. ಸೂಜಿ ಹಾಕಿಸಿದ ದಿನ, ನಿದ್ದೆ, ಮನಸ್ಸು, ಮೈಯ ಶಕ್ತಿ, ಎರಡೆರಡು ಸಾಲು. ಲೆಕ್ಕ ಬರೆಯುವವರು, ಕೆಂಪು ಗೆರೆ ಎಳೆದು ಜಮಾ ಖರ್ಚಿನ ಹಾಗೆ ಅಚ್ಚುಕಟ್ಟಾಗಿ ಬರೆದರು.

ಮೇ ತಿಂಗಳು

ಏಪ್ರಿಲ್‌ನಲ್ಲಿ ಬಂದಾಗ ಮುಖಕ್ಕೆ ಕಳೆ ಬಂದಿತ್ತು. ಗಡ್ಡ ಮೂರು ದಿನಕ್ಕೊಮ್ಮೆ ಬೋಳಿಸುತ್ತಿದ್ದರು. ಸೂಜಿ ಹಾಕಿಸಿ ಹತ್ತು ದಿನ ಆಗಿತ್ತು. ಟೆಸ್ಟೊಸ್ಟೆರಾನ್ 560, ಹಿಮಟೊಕ್ರಿಟ್ 46. ಬಹಳ ಛಲೋ ಅಂದೆ. ನೋಟ್‌ಬುಕ್ ಮೇಜಿನ ಮೇಲಿಟ್ಟಿದ್ದರು. ಮೊದಲ ಪುಟ ನೋಡಿ ಮೆಚ್ಚಿ ವಾಪಸ್ ಕೊಟ್ಟೆ.

ಮೇ ಕೊನೆಗೆ ತಲೆನೋವು ಅಂತ ಬಂದರು. ಕಣ್ಣು ಕೆಂಪು, ಮುಖ ಕೆಂಪು. ಹಿಮಟೊಕ್ರಿಟ್ 53.6. ಟೆಸ್ಟೊಸ್ಟೆರಾನ್ ಮೂಳೆಯೊಳಗಿನ ಮಜ್ಜೆಗೆ ಕೆಂಪು ಕಣ ಜಾಸ್ತಿ ಮಾಡು ಅನ್ನುತ್ತದೆ. ರಕ್ತ ಮಂದ ಆಗುತ್ತದೆ. 54 ದಾಟಿದರೆ ಔಷಧ ನಿಲ್ಲಿಸಲೇಬೇಕು. ಒಂದೂವರೆ ತಿಂಗಳಲ್ಲಿ ಏಳಕ್ಕೂ ಜಾಸ್ತಿ ಏರಿದ್ದು ಸಹಜ ಅಲ್ಲ.

ಅವತ್ತು ಕಲಬುರಗಿಯಲ್ಲಿ 43 ಡಿಗ್ರಿ. ಫರ್ಸಿ ಕಾರ್ಖಾನೆಯ ತಗಡಿನ ಕೆಳಗೆ ಇನ್ನೂ ಜಾಸ್ತಿ. ಮೈಯಲ್ಲಿ ನೀರು ಕಡಿಮೆಯಾದರೂ ಹಿಮಟೊಕ್ರಿಟ್ ಏರಿದಂತೆ ಕಾಣುತ್ತದೆ. ನನಗೆ ಈ ಕಾರಣ ಬಹಳ ಹಿಡಿಸಿತು. ಪುಸ್ತಕದಲ್ಲಿಲ್ಲದ, ನಮ್ಮೂರಿನ ಬಿಸಿಲಿಗೇ ಸೇರಿದ ಕಾರಣ ಅಲ್ವಾ! ನಾಲ್ಕು ದಿನ ಚೆನ್ನಾಗಿ ನೀರು ಮಜ್ಜಿಗೆ ಕುಡಿದು ಬನ್ನಿ, ಮತ್ತೆ ನೋಡೋಣ ಅಂದೆ. ಮತ್ತೆ ನೋಡಿದೆವು. 52.9. ಬಿಸಿಲಿನ ಪಾಲು ಅಷ್ಟೇ.

ಆಗ ಜೊತೆಗಿದ್ದ ಹೆಂಡತಿ ಗಂಡನ ಕಡೆ ನೋಡಿದರು. "ಹೇಳ್ರಿ ಸರಗ" ಅಂದರು. ಅವರು ಹೇಳಲಿಲ್ಲ. ನೋಟ್‌ಬುಕ್ ತೆಗೆದು ನನ್ನ ಮುಂದೆ ತಳ್ಳಿದರು.

ಈ ಸಲ ಎಲ್ಲ ಪುಟ ಓದಿದೆ. ಪ್ರತಿ ಸೂಜಿಯ ನಂತರ ಮೊದಲ ವಾರ: 'ಮನಸ್ಸು ಹಗುರ. ನಿದ್ದಿ ಕಡಿಮಿ, ಸಿಟ್ಟು ಜಾಸ್ತಿ.' ಎರಡನೇ ವಾರ: 'ಛಲೋ.' ಮೂರನೇ ವಾರದ ಪುಟದಲ್ಲಿ: 'ಮತ್ತ ಮೊದಲಿನಂಗ. ಏಳಾಕ ಆಗವಲ್ದು. ಯಾರ ಜೋಡಿನೂ ಮಾತು ಬ್ಯಾಡ.' ಜನವರಿಯಿಂದ ಪ್ರತಿ ಸಲವೂ ಹೀಗೇ. ಏಪ್ರಿಲ್ ಹತ್ತರ ನಂತರ ಕೆಂಪು ಶಾಯಿಯಲ್ಲಿ ಹೊಸ ಜಮೆ: ಹೆಚ್ಚುವರಿ 1. ಆಮೇಲೆ ಮತ್ತೆ 1. ವಾರಕ್ಕೊಂದು. ಊರಲ್ಲಿ ಸೂಜಿ ಮಾಡುವವರು, "ಮೂರು ವಾರ ಯಾಕ ಕಾಯ್ತೀರಿ, ವಾರಕ್ಕೊಂದು ಹಾಕಿಸ್ರಿ, ತಾಕತ್ ಇಳಿಯಂಗಿಲ್ಲ" ಅಂದಿದ್ದರು. ಕಳ್ಳ ಲೆಕ್ಕ ಅವರಿಗೆ ಬರುವುದಿಲ್ಲ. ಬೇಕಾದ್ದೆಲ್ಲ ಬರೆದಿಟ್ಟಿದ್ದರು. ಓದುವವನು ಓದಿರಲಿಲ್ಲ.

ಸಸ್ಟಾನಾನ್‌ನಲ್ಲಿ ನಾಲ್ಕು ಬಗೆಯ ಟೆಸ್ಟೊಸ್ಟೆರಾನ್ ಇವೆ, ಬೇಗ ಕರಗುವುದರಿಂದ ಹಿಡಿದು ನಿಧಾನ ಕರಗುವುದರವರೆಗೆ. ಹಾಗಿದ್ದರೂ ಮೊದಲ ದಿನಗಳಲ್ಲಿ ಎತ್ತರಕ್ಕೆ ಹೋಗುತ್ತದೆ, ಮೂರನೇ ವಾರಕ್ಕೆ ತಳಕ್ಕೆ ಇಳಿಯುತ್ತದೆ. ನಾನು ರಕ್ತ ನೋಡಿದ್ದು ಹತ್ತನೇ ದಿನ, ನಡುವೆ. 560 ಸುಳ್ಳಲ್ಲ, ಆದರೆ ಅದು ಎರಡನೇ ವಾರದ ಮಾತು. ಮುಂದಿನ ಸೂಜಿಯ ಹಿಂದಿನ ದಿನ ಒಂದು ಸಲ ನೋಡಿದ್ದರೆ, ಇಲ್ಲವೇ 'ಮೂರನೇ ವಾರ ಹೆಂಗಿರ್ತದ' ಅಂತ ಬಾಯಲ್ಲೇ ಕೇಳಿದ್ದರೆ, ಏಪ್ರಿಲ್‌ನಲ್ಲೇ ಗೊತ್ತಾಗುತ್ತಿತ್ತು. ಆಸೆಗೆ ಬಿದ್ದು ಹೆಚ್ಚಿಗೆ ಹಾಕಿಸಿಕೊಂಡರು ಅಂತ ಮೊದಲ ಐದು ನಿಮಿಷ ನಾನೂ ಅಂದುಕೊಂಡೆ. ಹಾಗಲ್ಲ. ನಾನು ಹಾಕಿಕೊಟ್ಟ ಲೆಕ್ಕದಲ್ಲೇ ಮೂರು ವಾರಕ್ಕೆ ಒಂದು ವಾರ ಖೋತಾ ಇತ್ತು. ಅವರು ಅದನ್ನು ತುಂಬಿಸಿಕೊಂಡಿದ್ದರು.

ಸೂಜಿ ನಿಲ್ಲಿಸಿದೆವು. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಅದಕ್ಕೇ ಹಿಮಟೊಕ್ರಿಟ್ ಒಮ್ಮೆಲೇ ಇಳಿಯುವುದಿಲ್ಲ. ಆಗಸ್ಟ್ ಮೊದಲ ವಾರಕ್ಕೆ 47 ಆಯಿತು. ಆ ಎರಡು ತಿಂಗಳು ಅವರಿಗೆ ಕಷ್ಟದ್ದು. ವಾರಕ್ಕೊಮ್ಮೆ ನಾನೇ ಫೋನ್ ಮಾಡುತ್ತಿದ್ದೆ.

ಆಮೇಲೆ ತಜ್ಞರ ಮಾತಿನಂತೆ ಅಂಡೆಕನೊಯೇಟ್‌ಗೆ ಬದಲಿಸಿದೆವು. 1,000 ಮಿಲಿಗ್ರಾಂ, ಔಡಲ ಎಣ್ಣೆಯಲ್ಲಿ, 4 ಮಿಲಿಲೀಟರ್. ಕುಂಡಿಯ ಆಳದ ಸ್ನಾಯುವಿಗೆ ಎರಡು ನಿಮಿಷ ಹಿಡಿದು ನಿಧಾನ ಬಿಡಬೇಕು. ಎಣ್ಣೆಯ ಹನಿ ರಕ್ತದ ಜೊತೆ ಶ್ವಾಸಕೋಶಕ್ಕೆ ಹೋದರೆ ಕೆಮ್ಮು, ಉಸಿರು ಹಿಡಿಯುವುದು ಆಗಬಹುದು, ಅದಕ್ಕೆ ಅರ್ಧ ಗಂಟೆ ದವಾಖಾನೆಯಲ್ಲೇ ಕೂರಿಸುತ್ತೇವೆ. ಎರಡನೆಯದು ಆರು ವಾರಕ್ಕೆ. ಆಮೇಲೆ 10ರಿಂದ 14 ವಾರಕ್ಕೊಂದು. ಇವರಿಗೆ 12 ಸರಿ ಹೊಂದಿದೆ. ದುಡ್ಡಿನ ಲೆಕ್ಕವನ್ನು ಅವರೇ ಮಾಡಿದರು. ಬಸ್ಸಿನ ಖರ್ಚು, ರಜೆಯ ಪಗಾರ, ವಾರದ ಆಂಪೂಲ್ ಎಲ್ಲ ಕೂಡಿಸಿ, "ಅಂಥಾ ಫರಕೇನಿಲ್ರಿ" ಅಂದರು. ಈಗ ಸೂಜಿಯ ಹಿಂದಿನ ದಿನದ ಅಂಕಿ 410. ಡಿಸೆಂಬರಿನಲ್ಲಿ ಹಿಮಟೊಕ್ರಿಟ್ 47. ತೂಕ ಆರು ಕಿಲೋ ಇಳಿದಿದೆ, ಸಕ್ಕರೆಯ ಸರಾಸರಿ 5.8. ಮೂಳೆಯ ಪರೀಕ್ಷೆ ಇಷ್ಟು ಬೇಗ ಬೇಡ, ಮುಂದಿನ ವರ್ಷ ನೋಡುತ್ತೇವೆ. ಎದೆಯ ಉಬ್ಬು ಹಾಗೇ ಇದೆ. ಅದು ಔಷಧದಿಂದ ಕರಗುವುದಿಲ್ಲ ಅಂತ ಮೊದಲೇ ಹೇಳಿದ್ದೆ.

ಒಂದು ವಿಷಯ ಬಾಕಿ. ಕ್ರೋಮೋಸೋಮ್ ರಿಪೋರ್ಟು ಬಂದ ಕಾಲಕ್ಕೇ ಹೆಂಡತಿ ನನ್ನನ್ನು ಕೇಳಿದ್ದರು. "ಸರ್, ಇದನ್ನ ನಮ್ಮ ಅತ್ತೆಗೆ ನೀವಾ ಹೇಳ್ರಿ." ರೋಗಿಯ ಒಪ್ಪಿಗೆ ಇಲ್ಲದೆ ನಾನು ಹೇಳುವ ಹಾಗಿಲ್ಲ. ಲೆಕ್ಕದವರು ಬೇಡ ಅಂದರು. ಆಮೇಲೂ ಎರಡು ಸಲ ಬೇಡ ಅಂದರು. ಮತ್ತೆ ನಾನು ಕೇಳಲಿಲ್ಲ. ಡಿಸೆಂಬರಿನ ಸೂಜಿಗೆ ಬಂದಾಗ ಜೊತೆಗೆ ತಾಯಿ ಇದ್ದರು. ಹೊರಗಿನ ಬೆಂಚಿನ ಮೇಲೆ ಸೊಸೆಯ ಆ ದಪ್ಪ ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅವರಿಗೆ ಓದಲು ಬರುವುದಿಲ್ಲ. "ಇದರಾಗ ಎಲ್ಲಾ ಸರಿ ಅಂತ ಬರ್ದದೇನ್ರಿ ಸಾಹೇಬ್ರ?" ಅಂತ ಕೇಳಿದರು. ಹೌದು ಅಂದೆ. "ಎಲ್ಲಾದರಾಗೂ?" ಎಲ್ಲದರಲ್ಲೂ ಅಂದೆ. ಮತ್ತೆ ಏನೂ ಕೇಳಲಿಲ್ಲ.

ಮುಂದಿನ ಸೂಜಿ ಮಾರ್ಚ್‌ನಲ್ಲಿ. ಲೆಕ್ಕ ಹಾಕಿದರೆ ಶರಣಬಸವೇಶ್ವರ ಜಾತ್ರೆಯ ತೇರಿನ ದಿನವೇ ಬಿತ್ತು. ಅವತ್ತು ಸೇಡಂ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎರಡು ದಿನ ಮುಂಚೆಯೇ ಬನ್ನಿ, ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ ಅಂದೆ. ನೋಟ್‌ಬುಕ್ ತೆಗೆದು ಬರೆದುಕೊಂಡರು. ಹೋಗುವ ಮುಂಚೆ ನಾನು ಕೈ ಚಾಚಿ ಅದನ್ನು ಈಸಿಕೊಂಡು, ಹಿಂದಿನಿಂದ ಓದಲು ಶುರು ಮಾಡಿದೆ.